ದೊಡ್ಡಕ್ಷರದ ಮರ್ಯಾದೆ

ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನ ಹೆಸರನ್ನು ಇಂಗ್ಲಿಷಿನಲ್ಲಿ ಶುದ್ಧವಾಗಿ ಬರೆದರೆ ಎಸ್ ಅಕ್ಷರದ ಬಲಕ್ಕೆ, ನೆತ್ತಿಯ ಮಟ್ಟದಲ್ಲಿ, ಒಂದು ಸಣ್ಣ ಬಾಲ ಕಾಣುತ್ತದೆ. ಅಪಾಸ್ಟ್ರಫಿ ಅಂದರೆ ಅದೇ. ಸಾಲಿನ ಬುಡದಲ್ಲಿ ಕೂತಿರಬೇಕಾದ ಅಲ್ಪವಿರಾಮವೊಂದು ಗಾಳಿಗೆ ಹಾರಿ ಮಾಡಿನ ಅಂಚಿಗೆ ಸಿಕ್ಕಿಕೊಂಡ ಹಾಗಿರುತ್ತದೆ. ಕಾಲೇಜು ಶುರುವಾದದ್ದು 1963ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಬಾಲವನ್ನು ಬಾಯಲ್ಲಿ ಹೇಳಿದವರು ಯಾರೂ ಇಲ್ಲ. ಹೇಳೋಣವೆಂದರೆ ಅದಕ್ಕೆ ದನಿಯೇ ಇಲ್ಲ. ಆದರೆ ಅದು ಸುಮ್ಮನೆ ಕೂತದ್ದೂ ಅಲ್ಲ. ಎಸ್ ಅಕ್ಷರಕ್ಕಿಂತ ಮೊದಲು ಬಂದಿದ್ದರೆ ಒಬ್ಬ ಭಂಡಾರ್ಕರರ ಕಾಲೇಜು ಎಂದಾಗುತ್ತಿತ್ತು. ಎಸ್ ಆದಮೇಲೆ ಬಂದದ್ದರಿಂದ ಒಬ್ಬರಿಗಿಂತ ಹೆಚ್ಚು ಭಂಡಾರ್ಕರರದ್ದು ಎಂದಾಯಿತು. ಇಷ್ಟು ದೊಡ್ಡ ಸಂಗತಿಯನ್ನು ಅಷ್ಟು ಸಣ್ಣ ಗೀಟು ಹೇಳುತ್ತದೆ. ಕನ್ನಡದಲ್ಲಿ ಬರೆದ ಕೂಡಲೇ ಗೀಟು ಮಾಯ. ಊರಿನ ಬಹುಪಾಲು ಜನ ಇಂಗ್ಲಿಷಿನಲ್ಲಿ ಬರೆಯುವಾಗಲೂ ಅದನ್ನು ಬಿಟ್ಟೇ ಬರೆಯುತ್ತಾರೆ.

ಬಿಟ್ಟದ್ದು ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ರಜೆ ಅರ್ಜಿಯ ಕೊನೆಯಲ್ಲಿ ಸಿಗುತ್ತದೆ. 'ಯುವರ್ಸ್ ಒಬೀಡಿಯೆಂಟ್ಲಿ' ಎನ್ನುವಲ್ಲಿ, ಯಾವ ವ್ಯಾಕರಣವೂ ಕೇಳದ ಜಾಗದಲ್ಲಿ, ಆರ್ ಮತ್ತು ಎಸ್ ನಡುವೆ ಅದನ್ನು ತೂರಿಸಿರುತ್ತಾರೆ. ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದೆ.

ನನಗೆ ಇದೆಲ್ಲ ಕಾಣುವುದಕ್ಕೆ ಕಾರಣ ಉಂಟು. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಅಮೃತ ಮಹೋತ್ಸವ, ಯುವಕ ಮಂಡಲದ ವಾರ್ಷಿಕೋತ್ಸವ, ಯಾವುದೇ ಬರಲಿ, ಒಂದು ಸ್ಮರಣ ಸಂಚಿಕೆ ಆಗಲೇಬೇಕು. ಅದರ ಕನ್ನಡ ಪುಟಗಳನ್ನು ನೋಡುವುದಕ್ಕೆ ಜನ ಬೇಕಾದಷ್ಟು. ಇಂಗ್ಲಿಷ್ ಪುಟಗಳು ಬಂದಾಗ ಮಾತ್ರ "ಹ್ವಾಯ್, ಇದನ್ನ್ ಒಂಚೂರ್ ಕಾಣಿ" ಎಂದು ಪ್ರೂಫನ್ನು ನನ್ನ ಜಗಲಿಯ ಮೇಲಿಟ್ಟು ಹೋಗುತ್ತಾರೆ. ಜೊತೆಗೆ ನೆರೆಹೊರೆಯ ಮಕ್ಕಳ ರಜೆ ಅರ್ಜಿ, ಬ್ಯಾಂಕಿಗೆ ಬರೆದ ಕಾಗದ, ಮುಂಬಯಿಯ ಹೋಟೆಲಿನಲ್ಲಿರುವ ಮಗನಿಗೆ ಬಂದ ನೋಟಿಸಿನ ಉತ್ತರ. ಹೀಗೆ ಊರಿನ ಇಂಗ್ಲಿಷೆಲ್ಲ ನನ್ನ ಕೆಂಪು ಪೆನ್ನಿನ ಅಡಿಯಲ್ಲಿ ಹಾದುಹೋಗುತ್ತದೆ.

ಅದರಲ್ಲಿ ನಾನು ಅತಿ ಹೆಚ್ಚು ಕಂಡದ್ದು ಕಾಗುಣಿತದ ತಪ್ಪಲ್ಲ, ಕಾಲದ ತಪ್ಪೂ ಅಲ್ಲ. ವಾಕ್ಯದ ನಟ್ಟನಡುವೆ ಥಟ್ಟನೆ ಎದ್ದು ನಿಲ್ಲುವ ಕ್ಯಾಪಿಟಲ್ ಅಕ್ಷರ. ತೊಂದರೆ ಏನೆಂದರೆ ಅದನ್ನು ಇಲ್ಲಿ ನಿಮಗೆ ತೋರಿಸುವುದಕ್ಕೆ ಆಗುವುದಿಲ್ಲ. ಕನ್ನಡದ ಅಕ್ಷರಗಳಲ್ಲಿ ದೊಡ್ಡದು ಸಣ್ಣದು ಎಂಬ ಭೇದವೇ ಇಲ್ಲ. 'ಕ' ಎಂದರೆ ಕಾಳಿಂಗನಿಗೂ ಅದೇ, ಕತ್ತಿಗೂ ಅದೇ. ಆದ್ದರಿಂದ ಕ್ಯಾಪಿಟಲ್ ಎಂದು ನಾನು ಹೇಳಿದಲ್ಲೆಲ್ಲ ನೀವೇ ಒಂದು ದೊಡ್ಡಕ್ಷರವನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು.

ಒಂದು ರಜೆ ಅರ್ಜಿ ನೋಡಿ. 'ನಾನು ನಿಮ್ಮ ಶಾಲೆಯ ಏಳನೇ ತರಗತಿಯ ವಿದ್ಯಾರ್ಥಿ. ನನಗೆ ಜ್ವರ ಬಂದದ್ದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ' ಎಂಬುದರ ಇಂಗ್ಲಿಷ್. ಇದರಲ್ಲಿ ಸ್ಕೂಲ್ ಕ್ಯಾಪಿಟಲ್, ಸ್ಟೂಡೆಂಟ್ ಸ್ಮಾಲ್. ಸರ್ ಕ್ಯಾಪಿಟಲ್. ಫೀವರ್ ಕೂಡ ಕ್ಯಾಪಿಟಲ್, ಏಕೆಂದರೆ ರಜೆ ಕೊಡಿಸುವ ಶಕ್ತಿ ಇರುವುದು ಅದಕ್ಕೇ. ಹುಡುಗನಿಗೆ ನಿಯಮ ಗೊತ್ತಿಲ್ಲ ಎಂದು ಕೆಂಪು ಗೀಟು ಹಾಕಿ ಮುಗಿಸಬಹುದು. ಆದರೆ ಆ ಅರ್ಜಿಯಲ್ಲಿ ತನ್ನ ನಿಯಮವೊಂದನ್ನು ಅವನು ಎಲ್ಲೂ ತಪ್ಪಲಿಲ್ಲ. ದೊಡ್ಡವರಿಗೆ ದೊಡ್ಡಕ್ಷರ, ಸಣ್ಣವರಿಗೆ ಸಣ್ಣಕ್ಷರ. ಮೇಷ್ಟರು ದೊಡ್ಡವರು, ಶಾಲೆ ದೊಡ್ಡದು, ತಾನು ಸಣ್ಣವ.

ದೇವಸ್ಥಾನದ ಸಂಚಿಕೆಯಲ್ಲೂ ಇದೇ ನಡೆಯುತ್ತದೆ. ಆಡಳಿತ ಮೊಕ್ತೇಸರರು, ತಂತ್ರಿಗಳು, ದಾನಿಗಳು, ಅನ್ನಸಂತರ್ಪಣೆ, ಪ್ರಸಾದ, ಎಲ್ಲಕ್ಕೂ ಕ್ಯಾಪಿಟಲ್. ಚಪ್ಪರ, ಪಾರ್ಕಿಂಗ್, ಊಟದ ಎಲೆ ಇವಕ್ಕೆ ಸ್ಮಾಲ್. ಬಹಳ ವರ್ಷ ಇವನ್ನು ತಿದ್ದುತ್ತಾ ಬಂದ ಮೇಲೆ ನನಗೆ ಅನಿಸಿದ್ದು ಇಷ್ಟು: ಕನ್ನಡದಲ್ಲಿ ನಾವು ಮರ್ಯಾದೆಯನ್ನು ಕ್ರಿಯಾಪದದ ತುದಿಯಲ್ಲಿ ಇಡುತ್ತೇವೆ. ಬಂದ, ಬಂದರು. ಕೂತ, ಕೂತರು. ಅಷ್ಟು ಸಾಲದಿದ್ದರೆ ಹೆಸರಿಗೆ 'ಅವರು', ಅದೂ ಸಾಲದಿದ್ದರೆ 'ಗಳು'. ಇಂಗ್ಲಿಷಿಗೆ ಹೋದಾಗ ಆ ತುದಿ ಇಲ್ಲ. ಅಲ್ಲಿ ತಂತ್ರಿಗಳು ಬಂದರೂ ಕೇಮ್, ತೋಟದ ಕೋಣ ಬಂದರೂ ಕೇಮ್. ಕೈಯಲ್ಲಿರುವ ಮರ್ಯಾದೆಯನ್ನು ಎಲ್ಲಾದರೂ ಇಡಬೇಕಲ್ಲ? ಆಸುಪಾಸು ನೋಡಿದರೆ ಎತ್ತರದ ಜಾಗ ಎಂದು ಕಾಣುವುದು ಕ್ಯಾಪಿಟಲ್ ಅಕ್ಷರ ಒಂದೇ. ಅಲ್ಲಿ ಇಟ್ಟುಬಿಡುತ್ತೇವೆ. ವಾಕ್ಯದ ನಡುವಿನ ನಮ್ಮ ಕ್ಯಾಪಿಟಲ್‌ಗಳು ಅಜ್ಞಾನದ್ದಲ್ಲ, ಬಹುವಚನದ್ದು.

ಇಂಗ್ಲಿಷಿನ ಲೆಕ್ಕ ಬೇರೆ. ಅಲ್ಲಿ ಕ್ಯಾಪಿಟಲ್ ಸಿಗುವುದು ಹೆಸರಿಗೆ, ಸ್ಥಾನಕ್ಕಲ್ಲ. ಕಳ್ಳನೊಬ್ಬ ಸಿಕ್ಕಿಬಿದ್ದರೆ ಅವನ ಹೆಸರಿಗೂ ಇನಿಶಿಯಲ್ಲಿಗೂ ತಪ್ಪದೆ ದೊಡ್ಡಕ್ಷರ. ಆದರೆ 'ನಿನ್ನೆ ಮುಖ್ಯಮಂತ್ರಿ ಬಂದಿದ್ದರು' ಎಂದು ಬರೆದರೆ ಮುಖ್ಯಮಂತ್ರಿಗೆ ಸಣ್ಣಕ್ಷರ; ಪಕ್ಕದಲ್ಲಿ ಅವರ ಹೆಸರು ಬಂದರೆ ಮಾತ್ರ ಎತ್ತರ. ಬಹುತೇಕ ಪತ್ರಿಕೆಗಳ ಶೈಲಿ ಕೈಪಿಡಿಗಳು ಹೇಳುವುದು ಇದನ್ನೇ. ಒಂದು ಸಂಚಿಕೆಯಲ್ಲಿ ನಾನು ಈ ನಿಯಮದ ಪ್ರಕಾರ ಮಿನಿಸ್ಟರ್ ಎಂಬಲ್ಲಿ ಎಂ ಅಕ್ಷರವನ್ನು ಸಣ್ಣದು ಮಾಡಿದ್ದೆ. ಸಮಿತಿಯವರು ಮೌನವಾಗಿ ಅದನ್ನು ಮತ್ತೆ ದೊಡ್ಡದು ಮಾಡಿ, ಮುಂದೆ 'ಆನರಬಲ್' ಸೇರಿಸಿ, ಅದರ ಹೊಟ್ಟೆಯೊಳಗೆ ಒಂದು ಅಪಾಸ್ಟ್ರಫಿಯನ್ನೂ ಹಾಕಿ ಅಚ್ಚಿಗೆ ಕೊಟ್ಟರು. ಅನುದಾನ ಬರಬೇಕಾದದ್ದು ವ್ಯಾಕರಣದಿಂದ ಅಲ್ಲವಷ್ಟೆ.

ನಮ್ಮ ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಆರನೇ ಕ್ಲಾಸು. ನಾನು ಓದಿದ ಕಾಲದ ಕನ್ನಡ ಶಾಲೆಗಳಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆಯೇ ಎಬಿಸಿಡಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಈ ಹುಡುಗಿಗಾದರೋ ಎಲ್‌ಕೆಜಿಯಿಂದಲೇ ನಾಲ್ಕು ಗೆರೆಯ ಪುಸ್ತಕ. ಒಂದು ಸಂಜೆ ಪ್ರಬಂಧದ ಪುಸ್ತಕ ಹಿಡಿದು ಬಂದಳು. 'ನನ್ನ ಅಮ್ಮಮ್ಮ ಭಾನುವಾರ ಗೋಳಿಬಜೆ ಮಾಡುತ್ತಾರೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಗ್ರ್ಯಾಂಡ್‌ಮದರ್ ಎನ್ನುವುದರ ಜಿ ಕ್ಯಾಪಿಟಲ್. ಗೋಳಿಯ ಜಿ, ಬಜೆಯ ಬಿ ಕ್ಯಾಪಿಟಲ್. ಭಾನುವಾರ ಮಾತ್ರ ಸ್ಮಾಲ್. ಟೀಚರು ಮೊದಲ ಮೂರಕ್ಕೂ ಕೆಂಪು ಸುತ್ತು ಹಾಕಿ ಭಾನುವಾರವನ್ನು ದೊಡ್ಡದು ಮಾಡಿದ್ದರು. ಟೀಚರು ಮಾಡಿದ್ದು ನೂರಕ್ಕೆ ನೂರು ಸರಿ.

ಹುಡುಗಿಯ ಬೆನ್ನಿಗೇ ಅಮ್ಮಮ್ಮನೂ ಬಂದಿದ್ದರು. ವಿಷಯ ಅವರ ಕಿವಿಗೂ ಬಿದ್ದಿತ್ತು.

"ನನ್ನ ಸಣ್ಣ್ ಮಾಡಿದ್ ಯಾರ್ ಮಾರಾಯ್ತಿ?"

"ಮೈ ಅಂದ್ರೆ ಸಣ್ಣ ಆತ್ತ್ ಅಂಬ್ರ್, ಅಮ್ಮಮ್ಮ. ಮೈ ತೆಗದ್ರೆ ದೊಡ್ಡ ಆತ್ತ್."

ಹುಡುಗಿ ಹೇಳಿದ್ದು ಕೂಡ ಸರಿಯೇ. ಇಂಗ್ಲಿಷಿನಲ್ಲಿ 'ನನ್ನ ಅಜ್ಜಿ' ಎಂದರೆ ಅಜ್ಜಿ ಸಣ್ಣಕ್ಷರ. 'ಅಜ್ಜಿ ಬಂದಳು' ಎಂದು ಹೆಸರಿನ ಹಾಗೆ ಬಳಸಿದರೆ ದೊಡ್ಡಕ್ಷರ. ನನ್ನವಳು ಎಂದ ಕೂಡಲೇ ಕುಗ್ಗುತ್ತಾಳೆ, ಯಾರವಳೆಂದು ಹೇಳದಿದ್ದರೆ ಹಿಗ್ಗುತ್ತಾಳೆ. ಅಮ್ಮಮ್ಮನಿಗೆ ಈ ವ್ಯಾಕರಣ ಒಪ್ಪಿಗೆಯಾಗಲಿಲ್ಲ. ಭಾನುವಾರ ಏನು ಸಾಧಿಸಿದೆ ಎಂದು ಅದಕ್ಕೆ ದೊಡ್ಡಕ್ಷರ ಎಂಬುದು ಅವರ ಪ್ರಶ್ನೆ. ಕೊನೆಗೆ ಪುಸ್ತಕದ ಕಡೆ ಕೈತೋರಿಸಿ ಕೇಳಿದರು: "ನಿನ್ನ ಟೀಚರ್ ಗೋಳಿಬಜೆ ತಿಂದದ್ದೇ ಇಲ್ಯಾ?"

ತಿಂಡಿಗಳ ವಿಷಯದಲ್ಲಿ ಇಂಗ್ಲಿಷ್ ನಿಜವಾಗಿಯೂ ಜಿಪುಣ. ಮಂಗಳೂರು ಬನ್ಸ್ ಎಂದು ವಾಕ್ಯದ ನಡುವೆ ಬಂದರೆ ಮಂಗಳೂರಿಗೆ ದೊಡ್ಡಕ್ಷರ, ಬನ್ಸಿಗೆ ಸಣ್ಣಕ್ಷರ. ಊರಿಗೆ ಮರ್ಯಾದೆ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಉಬ್ಬಿದ್ದಕ್ಕೆ ಇಲ್ಲ. ನಮ್ಮೂರಿನ ಹೆಸರನ್ನು ದೇಶವಿಡೀ ಒಯ್ದ ಕೋಳಿ ಘೀ ರೋಸ್ಟಿಗೂ ಇದೇ ಗತಿ. ಕುಂದಾಪುರಕ್ಕೆ ಕೆ ದೊಡ್ಡದು, ಮುಂದಿನ ಮೂರೂ ಸಣ್ಣವು. ಹೋಟೆಲಿನ ಮೆನು ಕಾರ್ಡಿನವರು ಈ ತಂಟೆಯೇ ಬೇಡವೆಂದು ಪ್ರತಿ ಪದವನ್ನೂ ಕ್ಯಾಪಿಟಲ್ ಮಾಡುತ್ತಾರೆ. ಅದು ಶೀರ್ಷಿಕೆಯ ನಿಯಮದಲ್ಲಿ ಸಮ ಆಗುತ್ತದೆ. ಅಲ್ಲದೆ ದುಡ್ಡು ಕೊಟ್ಟು ತಿನ್ನುವವನಿಗೆ ಸಣ್ಣಕ್ಷರದ ಕೋಳಿ ಬಡಿಸಲಿಕ್ಕೆ ಆಗುತ್ತದೆಯೇ?

ಇಂಗ್ಲಿಷಿನವರು ಮೊದಲಿನಿಂದಲೂ ಇಷ್ಟು ಬಿಗಿಯಾಗಿದ್ದವರೇನಲ್ಲ. ಹದಿನೆಂಟನೇ ಶತಮಾನದ ಇಂಗ್ಲಿಷ್ ಪುಸ್ತಕ ತೆರೆದರೆ ನಮ್ಮ ಬ್ರಹ್ಮಕಲಶದ ಸಂಚಿಕೆಯನ್ನೇ ನೋಡಿದಂತಾಗುತ್ತದೆ. ವಸ್ತುವಾಚಕಗಳೆಲ್ಲ ತಲೆಯೆತ್ತಿ ನಿಂತಿರುತ್ತವೆ. 1787ರ ಅಮೆರಿಕದ ಸಂವಿಧಾನದಲ್ಲಿ ನ್ಯಾಯ, ಶಾಂತಿ, ಸ್ವಾತಂತ್ರ್ಯ ಎಲ್ಲವೂ ವಾಕ್ಯದ ಮಧ್ಯದಲ್ಲೇ ದೊಡ್ಡಕ್ಷರದಲ್ಲಿವೆ. ಜರ್ಮನರಂತೂ ಇಂದಿಗೂ ಬಿಟ್ಟಿಲ್ಲ. ಅವರಲ್ಲಿ ಕುರ್ಚಿ, ಬೆಕ್ಕು, ಬೆಣ್ಣೆ, ಬೇಸರ ಯಾವುದೇ ನಾಮಪದವಾದರೂ ಕ್ಯಾಪಿಟಲ್. ಡೇನ್ಮಾರ್ಕಿನವರು ಅದೇ ಪದ್ಧತಿಯಲ್ಲಿದ್ದು 1948ರಲ್ಲಿ ಸರ್ಕಾರಿ ಸುಧಾರಣೆ ಮಾಡಿ ಕೈಬಿಟ್ಟರು. ಜರ್ಮನರಲ್ಲೇ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರ ಪೈಕಿ ಯಾಕೋಬ್ ಗ್ರಿಮ್ ಇದನ್ನು ವಿರೋಧಿಸಿ ತನ್ನ ನಿಘಂಟಿನಲ್ಲಿ ನಾಮಪದಗಳನ್ನು ಸಣ್ಣಕ್ಷರದಲ್ಲೇ ಬರೆದ. ಅವನ ಜನ ಅವನ ಕಥೆಗಳನ್ನು ಒಪ್ಪಿಕೊಂಡರು, ಸಣ್ಣಕ್ಷರವನ್ನು ಒಪ್ಪಲಿಲ್ಲ.

ಅದೇ ಜರ್ಮನ್ ಸೀಮೆಯಿಂದ ಬಂದ ಬಾಸೆಲ್ ಮಿಶನ್ನಿನವರೇ ನಮ್ಮ ಕರಾವಳಿಯಲ್ಲಿ ಕನ್ನಡವನ್ನು ಅಚ್ಚಿಗೆ ಹಾಕಿದವರು ಎಂಬುದು ನನಗೆ ಬಹಳ ರುಚಿಸುವ ಸಂಗತಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ. ಕಲ್ಲಚ್ಚಿನ ಆ ಪತ್ರಿಕೆಯೇ ಕನ್ನಡದ ಮೊದಲ ಪತ್ರಿಕೆ. ಮುಂದೆ ಫರ್ಡಿನೆಂಡ್ ಕಿಟೆಲ್ಲನ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮನೆಯಲ್ಲಿ ಬೆಕ್ಕಿಗೂ ಬೆಣ್ಣೆಗೂ ದೊಡ್ಡಕ್ಷರ ಕೊಟ್ಟು ಬೆಳೆದ ಕೈಗಳು. ಇಲ್ಲಿಗೆ ಬಂದು ಕುಳಿತರೆ ಆ ಕೆಲಸಕ್ಕೆ ಲಿಪಿಯಲ್ಲಿ ಅವಕಾಶವೇ ಇಲ್ಲ. ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನೆಯ ಕೊಕ್ಕೆ, ಇವೆಲ್ಲ ಆ ಶತಮಾನದಲ್ಲಿ ಅಚ್ಚಿನ ಜೊತೆಗೆ ಕನ್ನಡದೊಳಗೆ ಬಂದು ನೆಲೆಸಿದವು. ಅದಕ್ಕೆ ಹಿಂದಿನ ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಕೂಡ ಇರಲಿಲ್ಲ. ಬಾರ್ಕೂರು, ಬಸರೂರುಗಳ ಶಾಸನ ಕಲ್ಲುಗಳ ಎದುರು ನಿಂತರೆ ಅಕ್ಷರಗಳು ಒಂದರ ಹೆಗಲಿಗೆ ಒಂದು ತಾಗಿಕೊಂಡು ಸಾಗುತ್ತವೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಓದುವವನ ಜವಾಬ್ದಾರಿ. ಚಿಹ್ನೆಗಳೆಲ್ಲ ಹಡಗಿನಿಂದ ಇಳಿದವು, ಕ್ಯಾಪಿಟಲ್ ಮಾತ್ರ ಇಳಿಯಲಿಲ್ಲ.

ಹಾಗೆಂದು ನಮ್ಮಲ್ಲಿ ದೊಡ್ಡಸ್ತಿಕೆ ತೋರಿಸುವ ಉಪಾಯ ಇರಲಿಲ್ಲವೇ? ಇತ್ತು, ಈಗಲೂ ಇದೆ. 'ಶ್ರೀ' ಎಂಬ ಒಂದಕ್ಷರ ನಮ್ಮ ಕ್ಯಾಪಿಟಲ್. ಶ್ರೀ ಕುಂದೇಶ್ವರ, ಶ್ರೀ ವಿನಾಯಕ, ಅವರ ಹೆಸರಿನ ಬಸ್ಸು, ಅವರ ಹೆಸರಿನ ಜೆರಾಕ್ಸ್ ಅಂಗಡಿ, ಅಂಗಡಿಯ ಮಾಲೀಕ, ಎಲ್ಲರಿಗೂ ಅದು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಶ್ರೀಯನ್ನೂ ಬಿಡುವುದಿಲ್ಲ, ಕ್ಯಾಪಿಟಲನ್ನೂ ಬಿಡುವುದಿಲ್ಲ. ಹೀಗೆ ನಮ್ಮ ದೇವರುಗಳಿಗೆ ಇಂಗ್ಲಿಷಿನಲ್ಲಿ ಎರಡು ಪಟ್ಟು ಗೌರವ.

ಇನ್ನೊಂದು ಉಪಾಯ ನೋಡಬೇಕಾದರೆ ಯಕ್ಷಗಾನದ ಹ್ಯಾಂಡ್‌ಬಿಲ್ ನೋಡಬೇಕು. ಸಾಲಿಗ್ರಾಮ ಮೇಳದ್ದೋ ಪೆರ್ಡೂರು ಮೇಳದ್ದೋ ಒಂದು ಕರಪತ್ರ ಹಿಡಿಯಿರಿ. ಪ್ರಸಂಗದ ಹೆಸರು ಹಾಳೆಯ ಅರ್ಧದಷ್ಟು. ಭಾಗವತರ ಹೆಸರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಎರಡನೇ ವೇಷ, ಸ್ತ್ರೀವೇಷ, ಹಾಸ್ಯಗಾರರದು ಅದರಿಂದ ಕೆಳಗೆ. ಇಳಿಯುತ್ತಾ ಇಳಿಯುತ್ತಾ ಬಾಲಗೋಪಾಲರ ಹೆಸರು ಕನ್ನಡಕ ಹಾಕಿದರೂ ಕಾಣದಷ್ಟು. ಇಂಗ್ಲಿಷಿನಲ್ಲಿ ಎರಡೇ ಅಳತೆ, ದೊಡ್ಡದು ಮತ್ತು ಸಣ್ಣದು. ನಮ್ಮ ಕರಪತ್ರದಲ್ಲಿ ಹತ್ತು ಅಳತೆ. ಯಾರ ಹೆಸರು ಯಾವ ಸೈಜಿನಲ್ಲಿ ಬರಬೇಕೆಂಬುದಕ್ಕೆ ಆಗುವ ಮುನಿಸುಗಳನ್ನು ಬರೆದರೆ ಅದೇ ಒಂದು ಪ್ರಸಂಗವಾದೀತು. ಅಲ್ಲಿ ಬೀಳುವ ಆಶ್ಚರ್ಯಸೂಚಕಗಳಿಗೂ ಲೆಕ್ಕವಿಲ್ಲ. ಒಂದು ಹಾಕಿದರೆ ಮಾಮೂಲಿ ಆಟ, ಮೂರು ಹಾಕಿದರೆ ಜೋಡಾಟ. ಚಿಹ್ನೆಗಳ ವಿಷಯದಲ್ಲಿ ಇಷ್ಟು ಧಾರಾಳವಾದ ಆಟ ರಂಗದ ಮೇಲೆ ಮಾತ್ರ ಒಂದನ್ನೂ ಬೇಡುವುದಿಲ್ಲ. ಅರ್ಥ ಹೇಳುವವರು ಹೇಳುತ್ತಲೇ ಇರುತ್ತಾರೆ. ಭಾಗವತರು ಮುಂದಿನ ಪದ ಎತ್ತಿದರೆಂದರೆ ಅದೇ ಪೂರ್ಣವಿರಾಮ.

ಮದುವೆ ಕಾಗದದಲ್ಲಿ ಇನ್ನೂ ಒಂದು ಸೂಕ್ಷ್ಮ ಉಂಟು. ಹಳೆಯ ಶ್ಲೋಕಗಳ ಕೊನೆಯಲ್ಲಿ ನಿಲ್ಲುತ್ತಿದ್ದ ಉದ್ದ ಗೀಟುಗಳು ಈಗ ವಾಕ್ಯದ ನಡುವೆ ಬಂದು ಹೆಸರುಗಳ ಹಿಂದೆ ನಿಂತಿವೆ. ಮದುಮಗನಿಗೆ 'ಚಿ||', ಮದುಮಗಳಿಗೆ 'ಚಿ|| ಸೌ||', ತೀರಿಹೋದ ಅಜ್ಜನಿಗೆ 'ದಿ||'. ಒಂದು ಕಾಲದಲ್ಲಿ ಮಾತು ಮುಗಿಯಿತು ಎಂದು ಹೇಳುತ್ತಿದ್ದ ಗೀಟು ಇವತ್ತು ಪದ ಮುಗಿದಿಲ್ಲ, ಉಳಿದದ್ದನ್ನು ನೀವೇ ತುಂಬಿಕೊಳ್ಳಿ ಎನ್ನುತ್ತದೆ. ಪ್ರೂಫಿನಲ್ಲಿ ಚಿ ಇದ್ದಲ್ಲಿ ದಿ ಬಿದ್ದರೆ ಏನಾದೀತು ಎಂದು ಪ್ರೆಸ್ಸಿನವರು ಮದುವೆ ಸೀಸನ್ನಿನಲ್ಲಿ ಎರಡೆರಡು ಸಲ ನೋಡುತ್ತಾರೆ. ಬೇರೆ ಯಾವ ತಪ್ಪಿಗೂ ಅವರು ಅಷ್ಟು ಹೆದರುವುದನ್ನು ನಾನು ಕಂಡಿಲ್ಲ.

ಕ್ಯಾಪಿಟಲ್ ಅಕ್ಷರಗಳನ್ನು ನಾನು ಮೊದಲು ಓದಿದ್ದು ಪುಸ್ತಕದಲ್ಲಿ ಅಲ್ಲ, ಮಾಡಿನಲ್ಲಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಲ್ಲಿ ಒಂದಾದಮೇಲೊಂದು ಕಾರ್ಖಾನೆಗಳು ಎದ್ದವು. ಮುಳಿಹುಲ್ಲಿನ ಮಾಡುಗಳು ಹೋಗಿ ಕೆಂಪು ಹೆಂಚು ಬಂತು. ಆ ಹೆಂಚುಗಳ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರು, ಒಂದು ನಕ್ಷತ್ರವೋ ಆನೆಯೋ, ಉಬ್ಬಕ್ಷರದಲ್ಲಿ ಅಚ್ಚೊತ್ತಿರುತ್ತಿದ್ದವು. ಜಡಿಮಳೆಯ ಆಷಾಢದಲ್ಲಿ ಜ್ವರ ಬಂದು ಚಾಪೆಯ ಮೇಲೆ ಅಂಗಾತ ಮಲಗಿದ ಮಕ್ಕಳಿಗೆ ಬೇರೆ ಓದುವುದಕ್ಕೆ ಏನಿತ್ತು? ರೀಪಿನಿಂದ ರೀಪಿಗೆ ಒಂದೇ ಹೆಸರು ನೂರಾರು ಸಲ. ಹೊಗೆ ಹಿಡಿದ ಅಡಿಗೆಮನೆಯ ಹೆಂಚಿನಲ್ಲಿ ಅಕ್ಷರ ಕರಿ, ಜಗಲಿಯ ಮೇಲಿನದು ಕೆಂಪು. ಎಲ್ಲವೂ ಕ್ಯಾಪಿಟಲ್, ಒಂದೂ ಸ್ಮಾಲ್ ಇಲ್ಲ. ಜೇಡಿಮಣ್ಣಿನಲ್ಲಿ ಸಣ್ಣಕ್ಷರದ ಬಾಲ, ಬಳುಕು ಎಲ್ಲ ಮೂಡುವುದು ಕಷ್ಟವಿರಬೇಕು. ನಮ್ಮ ಪ್ರಾಯದವರು ಎಲ್ಲವನ್ನೂ ಕ್ಯಾಪಿಟಲ್ಲಿನಲ್ಲೇ ಬರೆಯುವುದಕ್ಕೆ ಈ ಮಾಡುಗಳೂ ಒಂದಿಷ್ಟು ಕಾರಣ ಎಂದು ನನ್ನ ಗುಮಾನಿ. ಉಳಿದ ಕಾರಣ ಬ್ಯಾಂಕಿನ ಫಾರಮ್ಮು. ಒಂದು ಚೌಕಕ್ಕೆ ಒಂದು ಅಕ್ಷರ, ಎಲ್ಲವೂ ಬ್ಲಾಕ್ ಲೆಟರ್. ಅಲ್ಲಿ ಯಾರಿಗೆ ಮರ್ಯಾದೆ ಹೆಚ್ಚು ಯಾರಿಗೆ ಕಡಿಮೆ ಎಂಬ ತಕರಾರೇ ಬರುವುದಿಲ್ಲ. ಎಲ್ಲರೂ ದೊಡ್ಡವರು.

ಅಲ್ಪವಿರಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಐದು ನಿಮಿಷ ನಿಂತರೆ ಅದು ಎಷ್ಟು ಅನಾವಶ್ಯಕ ಎಂದು ತಿಳಿಯುತ್ತದೆ. ತೆಂಕು ಮುಖದ ಬಸ್ಸಿನ ಬಾಗಿಲಲ್ಲಿ ಜೋತುಕೊಂಡ ಕಂಡಕ್ಟರು 'ಕೋಟೇಶ್ವರ ಕುಂಭಾಶಿ ತೆಕ್ಕಟ್ಟೆ ಕೋಟ ಸಾಲಿಗ್ರಾಮ ಬ್ರಹ್ಮಾವರ ಉಡುಪಿ' ಎನ್ನುತ್ತಾನೆ. ಬಡಗು ಮುಖದವನು 'ಹೆಮ್ಮಾಡಿ ತ್ರಾಸಿ ಮರವಂತೆ ನಾವುಂದ ಬೈಂದೂರು'. ಒಂದೇ ಉಸಿರು. ಊರುಗಳ ನಡುವೆ ಬಸ್ಸು ನಿಂತೀತು, ಮಾತು ನಿಲ್ಲದು. ಇನ್ನು ಬರೆಯುವ ಕನ್ನಡದಲ್ಲಾದರೂ 'ಬಂದು ಕಾಲು ತೊಳೆದು ಉಂಡು ಮಲಗಿದ' ಎಂಬಲ್ಲಿ ಅಲ್ಪವಿರಾಮ ಯಾತಕ್ಕೆ? ಪ್ರತಿ ಪದವೂ ತನ್ನ ಕೊನೆಯ ಉಕಾರದಲ್ಲೇ ಅದನ್ನು ಇಟ್ಟುಕೊಂಡಿದೆ. 'ಅವನೂ ಇವನೂ ನಾನೂ' ಎಂದರೆ ಪಟ್ಟಿ ಮುಗಿಯಿತು. 'ಎಂದು' ಎಂದರೆ ಉದ್ಧರಣ ಚಿಹ್ನೆ ಮುಚ್ಚಿತು. 'ಊಟ ಆಯ್ತಾ' ಎಂಬುದರ ಕೊನೆಯ 'ಆ' ಕೇಳಿದ ಮೇಲೂ ಒಂದು ಕೊಕ್ಕೆ ಹಾಕುವುದು ಶಾಲೆಯ ಅಭ್ಯಾಸವಷ್ಟೆ. ಕುಂದಾಪುರದ ಮಾತಿನಲ್ಲಿ 'ಮಾರಾಯ್ರೆ' ಇರುವವರೆಗೆ ಆಶ್ಚರ್ಯಸೂಚಕಕ್ಕೂ ಕೆಲಸವಿಲ್ಲ.

ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. ಅಲ್ಲಿ ಗೀಟು ತಪ್ಪಿದರೆ ದುಡ್ಡು ಹೋಗುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಹಾಲಿನ ಡೇರಿಯ ಲಾರಿ ಚಾಲಕರು ಹೆಚ್ಚುವರಿ ದುಡಿಮೆಯ ಸಂಬಳ ಕೇಳಿ ಕೋರ್ಟಿಗೆ ಹೋದರು. ಯಾವ ಯಾವ ಕೆಲಸಕ್ಕೆ ಹೆಚ್ಚುವರಿ ಸಂಬಳ ಇಲ್ಲ ಎಂಬ ಕಾನೂನಿನ ಪಟ್ಟಿಯಲ್ಲಿ, ಕೊನೆಯ 'ಅಥವಾ'ಕ್ಕೆ ಮೊದಲು ಅಲ್ಪವಿರಾಮ ಇರಲಿಲ್ಲ. ಸಾಗಿಸುವುದಕ್ಕಾಗಿ ಕಟ್ಟುವುದು ಮತ್ತು ಸಾಗಿಸುವುದು ಎಂದು ಎರಡು ಕೆಲಸವೋ, ಬರೀ ಕಟ್ಟುವುದು ಎಂಬ ಒಂದೇ ಕೆಲಸವೋ ಎಂದು ಹೇಳಲಾಗದೆ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಚಾಲಕರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ನಮ್ಮ ಸಂಚಿಕೆಯ ಸಮಿತಿಯವರಿಗೆ ಈ ಕಥೆಯನ್ನು ಹೇಳಿದಾಗ ಖಜಾಂಚಿಯವರು ಮಾತ್ರ ಗಮನವಿಟ್ಟು ಕೇಳಿದರು.

ಇಷ್ಟೆಲ್ಲ ಆಗಿ, ಹಡಗಿನಿಂದ ಇಳಿಯದ ಕ್ಯಾಪಿಟಲ್ ಕನ್ನಡಕ್ಕೆ ಬಂದೇ ಇಲ್ಲವೇ ಎಂದರೆ, ಬಂದಿದೆ. ಕೀಲಿಮಣೆಯ ಹಿಂಬಾಗಿಲಿನಿಂದ. ಇಂಗ್ಲಿಷ್ ಕೀಲಿಮಣೆಯಲ್ಲಿ ಇಪ್ಪತ್ತಾರು ಅಕ್ಷರ; ಕನ್ನಡಕ್ಕೆ ಅದರ ಇಮ್ಮಡಿ ಬೇಕು. ನಮ್ಮ ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಇದಕ್ಕೊಂದು ಚಂದದ ದಾರಿ ಕಂಡರು. ಬರಿದೇ ಒತ್ತಿದರೆ ಅಲ್ಪಪ್ರಾಣ, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ. ಸಣ್ಣ ಕೆ ಒತ್ತಿದರೆ ಕ, ದೊಡ್ಡ ಕೆ ಒತ್ತಿದರೆ ಖ. ಸಣ್ಣ ಎಲ್ ಲ, ದೊಡ್ಡ ಎಲ್ ಳ. ಸಣ್ಣ ಎನ್ ನ, ದೊಡ್ಡ ಎನ್ ಣ. ಸರ್ಕಾರ ಒಪ್ಪಿಕೊಂಡ ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸ ಅವರದೇ. 1998ರಲ್ಲಿ ಬಂದ ಬರಹ ತಂತ್ರಾಂಶದಲ್ಲೂ, ಟ ಡ ಮುಂತಾದ ಕೆಲವು ಅಕ್ಷರಗಳ ವ್ಯತ್ಯಾಸ ಬಿಟ್ಟರೆ, ತತ್ತ್ವ ಇದೇ. ಇಲ್ಲಿ ಕ್ಯಾಪಿಟಲ್ಲಿಗೆ ಮರ್ಯಾದೆಯ ಗೊಡವೆಯೇ ಇಲ್ಲ, ಹೆಸರಿನ ಗೊಡವೆಯೂ ಇಲ್ಲ. ಉಚ್ಚಾರ ಕೇಳಿದಲ್ಲಿ ದೊಡ್ಡದಾಗುತ್ತದೆ, ಅದೂ ಪದದ ಹೊಟ್ಟೆಯೊಳಗೆ.

ಮಜಾ ಇರುವುದು ಇಲ್ಲೇ. ಇಂಗ್ಲಿಷ್ ಶಾಲೆಯ ಅಭ್ಯಾಸದಲ್ಲಿ ಊರಿನ ಹೆಸರೆಂದು ಮೊದಲ ಅಕ್ಷರ ಕ್ಯಾಪಿಟಲ್ ಮಾಡಿ, ಬೋರ್ಡಿನಲ್ಲಿ ಕಂಡ ಸ್ಪೆಲ್ಲಿಂಗನ್ನೇ ಬರಹದಲ್ಲಿ ಹೊಡೆದರೆ ತೆರೆಯ ಮೇಲೆ ಮೂಡುವುದು 'ಖುನ್ದಪುರ'. ಮೊದಲನೆಯದನ್ನು ಸಣ್ಣದು ಮಾಡಿ, ಸೊನ್ನೆಗೆಂದು ಎಂ ಅಕ್ಷರವನ್ನೂ ದೀರ್ಘಕ್ಕೆಂದು ಎ ಅಕ್ಷರವನ್ನೂ ಪದದ ಮಧ್ಯದಲ್ಲಿ ದೊಡ್ಡದು ಮಾಡಿದರೆ ಮಾತ್ರ ಊರು ಊರಾಗುತ್ತದೆ. ಪಕ್ಕದ ಮನೆಯ ಹುಡುಗಿಯ ಕ್ಯಾಪಿಟಲ್‌ಗಳನ್ನು ಹಾಗೆಯೇ ಇಟ್ಟು ತಿಂಡಿಯ ಹೆಸರು ಹೊಡೆದು ತೋರಿಸಿದೆ. 'ಘೊಲಿ ಭಜೆ' ಎಂದು ಬಂತು. ಅವಳ ಅಮ್ಮಮ್ಮ ಅದನ್ನು ಓದಿ, ಇಷ್ಟು ಗಟ್ಟಿ ಬಜೆ ತಾನು ಯಾವತ್ತೂ ಮಾಡಿದವಳಲ್ಲ ಎಂದರು.

ಈಗಿನ ಫೋನುಗಳು ಅಷ್ಟು ಕಷ್ಟ ಕೊಡುವುದಿಲ್ಲ, ನಾವು ಏನು ಹೊಡೆದರೂ ತಾವೇ ಊಹಿಸಿಕೊಳ್ಳುತ್ತವೆ. ಆದರೆ ಅವಕ್ಕೂ ತಮ್ಮದೇ ಚಾಳಿ. ಎಲ್ಲಿ ಚುಕ್ಕೆ ಕಂಡಿತೋ ಅಲ್ಲಿ ವಾಕ್ಯ ಮುಗಿಯಿತೆಂದು ತಿಳಿದು ಮುಂದಿನ ಪದವನ್ನು ಕ್ಯಾಪಿಟಲ್ ಮಾಡುವುದು. ನಂಬರ್ ಎಂಬುದನ್ನು ಚುಟುಕು ಮಾಡಿ ಚುಕ್ಕೆ ಇಟ್ಟರೆ, ರೂಪಾಯಿಯನ್ನು ಚುಟುಕು ಮಾಡಿ ಚುಕ್ಕೆ ಇಟ್ಟರೆ, ಮುಂದಿನದು ಎದ್ದು ನಿಲ್ಲುತ್ತದೆ. ಹೀಗೆ ಹುಡುಗರು ಬಿಟ್ಟ ನಡುವಾಕ್ಯದ ಕ್ಯಾಪಿಟಲನ್ನು ಯಂತ್ರ ಹಿಡಿದುಕೊಂಡಿದೆ. ಹುಡುಗರಾದರೋ ಇಂಗ್ಲಿಷಿನವರು ತಮಗೆ ತಾವೇ ಕೊಟ್ಟುಕೊಂಡ ದೊಡ್ಡಕ್ಷರವನ್ನು, ಅಂದರೆ 'ನಾನು' ಎಂಬುದರ ಐ ಅಕ್ಷರವನ್ನು, ವಾಟ್ಸಾಪಿನಲ್ಲಿ ಸಣ್ಣದು ಮಾಡಿಯೇ ಬರೆಯುತ್ತಾರೆ. ಕೈಬರಹದ ಕಾಲದಲ್ಲಿ ಒಂಟಿ ಸಣ್ಣ ಐ ಸಾಲಿನಲ್ಲಿ ಕಳೆದುಹೋಗುತ್ತದೆಂದು ಅದನ್ನು ಉದ್ದ ಮಾಡಿದರಂತೆ. ನಮ್ಮ ಹುಡುಗರಿಗೆ ಕಳೆದುಹೋಗುವ ಭಯವಿಲ್ಲ.

ಇಂಗ್ಲಿಷ್ ಪುಟಗಳ ಪ್ರೂಫು ತರುವವರಲ್ಲಿ ನನ್ನದೊಂದು ಅರಿಕೆ. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿಗೆ, ಊರಿಗೆ, ವಾರಕ್ಕೆ, ತಿಂಗಳಿಗೆ ದೊಡ್ಡಕ್ಷರ ಕೊಡಿ. ಟೀಚರಿಗೆ, ಡಾಕ್ಟರಿಗೆ, ಜ್ವರಕ್ಕೆ, ಪ್ರಸಾದಕ್ಕೆ ಬೇಡ, ಅದರಿಂದ ಅವರ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ. ಮಿನಿಸ್ಟರರ ಮಟ್ಟಿಗೆ ಸಮಿತಿಯ ತೀರ್ಮಾನವೇ ಅಂತಿಮ. ಕಾಲೇಜಿನ ಹೆಸರು ಬರೆಯುವಾಗ ಎಸ್ ಆದಮೇಲೆ ಆ ಗೀಟು ಹಾಕಲು ಮರೆಯಬೇಡಿ. ಕನ್ನಡದಲ್ಲಿ ಟೈಪ್ ಮಾಡುವವರು ಕುಂದಾಪುರದ ಮೊದಲ ಅಕ್ಷರಕ್ಕೆ ದಯವಿಟ್ಟು ಶಿಫ್ಟ್ ಒತ್ತಬೇಡಿ.